ತಟ್ಟೆಯ ಮೇಲಣ ಗೀರು

ಸಂಕ್ರಾಂತಿ ಕಳೆದು ಒಂದು ವಾರವಾಗಿದ್ದಿರಬಹುದು. ಕಮಲಾಪುರದಿಂದ ನಮ್ಮ ಅತ್ತೆ ಫೋನು ಮಾಡಿದರು. ನನ್ನ ಸೋದರಮಾವ ತೀರಿಕೊಂಡುದು 2011ರಲ್ಲಿ. ಅವರ ಪುಣ್ಯತಿಥಿಯ ರಾತ್ರಿ ಊರಿನ ಭಜನೆಯ ಮೇಳದವರು ಮನೆಗೆ ಬಂದು ತತ್ವಪದಗಳನ್ನು ಹಾಡುವ ಪದ್ಧತಿ ಅಂದಿನಿಂದಲೂ ನಡೆದು ಬಂದಿದೆ. ಈ ಸಲ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಒಂದು ಆಸೆ ಹುಟ್ಟಿತ್ತು. ಅವರಲ್ಲಿ ಬಹಳ ಮಂದಿ ಮಾವನ ಹೆಸರನ್ನು ಕೇಳಿದವರೇ ಹೊರತು ದನಿಯನ್ನು ಕೇಳಿದವರಲ್ಲ. “ಅಳಿಯಾ, ನಿಮ್ಮ ಮಾವನ ಹಾಡಿನ ಆ ಸೀಡಿ ನಿನ್ನ ಹತ್ರನೇ ಅದ ಅಲ್ಲಾ? ಬರುವಾಗ ಮರೀದೆ ತಗೊಂಡು ಬಾ. ಹುಡುಗ್ರು ಕೇಳ್ತೀವಿ ಅನ್ಲಾಕತ್ತಾರ” ಎಂದರು ಅತ್ತೆ. ನಾನು ಹೂಂ ಎಂದೆನು. ಹೂಂ ಎಂದ ಮೇಲೆ ಹುಡುಕತೊಡಗಿದೆನು.

ಆ ತಟ್ಟೆ ಕಲಬುರಗಿಯ ನಮ್ಮ ಮನೆಯ ಅಟ್ಟದ ಮೇಲೆ, ಕಬ್ಬಿಣದ ಟ್ರಂಕಿನಲ್ಲಿ, ಹಳೆಯ ಪಾಠಟಿಪ್ಪಣಿಗಳ ನಡುವೆ ಹೊದಿಕೆಯಿಲ್ಲದೆ ಬಿದ್ದಿತ್ತು. ಅದರ ಪೂರ್ವವೃತ್ತಾಂತ ಇಷ್ಟು: 2006ರ ಶ್ರಾವಣದಲ್ಲಿ, ನಾನು ಆಗತಾನೆ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದಾಗ, ಒಂದು ಟೇಪು ರಿಕಾರ್ಡರನ್ನು ಹೊತ್ತು ಕಮಲಾಪುರಕ್ಕೆ ಹೋಗಿ ಮಾವ ಹಾಡಿದ ಒಂಬತ್ತು ಪದಗಳನ್ನು ಹಿಡಿದು ತಂದಿದ್ದೆನು. ಏಕತಾರಿ, ದಮ್ಮಡಿ, ತಾಳ, ಅವುಗಳ ಮೇಲೆ ಮಾವನ ಏರುದನಿ. ಊರಿನ ಒಂದು ಅಂಗಡಿಯಲ್ಲಿ ಆ ಕ್ಯಾಸೆಟ್ಟನ್ನು ಸಿ.ಡಿ.ಗೆ ಬರೆಯಿಸಿದೆನು. ಮುಂದೆ ಮನೆ ಬದಲಾಯಿಸುವಾಗ ಕ್ಯಾಸೆಟ್ಟು ಕಳೆದುಹೋಯಿತು. ಆದಕಾರಣ ಮಾವನ ದನಿ ಈ ಜಗತ್ತಿನಲ್ಲಿ ಉಳಿದಿದ್ದುದು ಆ ಒಂದು ತಟ್ಟೆಯಲ್ಲಿ ಮಾತ್ರ. ಬೆಳಕಿಗೆ ಹಿಡಿದು ನೋಡಿದೆನು. ಕಾಮನಬಿಲ್ಲಿನ ಬಣ್ಣಗಳ ಮೇಲೆ ಕೋಳಿ ಕೆದರಿದಂತೆ ಗೀರುಗಳು ತುಂಬಿದ್ದವು.

ಕಾಲೇಜಿನಲ್ಲಿದ್ದ ಒಂದು ಹಳೆಯ ಗಣಕಯಂತ್ರಕ್ಕೆ ಅದನ್ನು ತಿನ್ನಿಸಿದಾಗ ಮೂರು ಪದಗಳು ಸರಾಗವಾಗಿ ಬಂದವು. ನಾಲ್ಕನೆಯದರಲ್ಲಿ ಮಾವ ಬಿಕ್ಕಿದರು, ಐದನೆಯದರಲ್ಲಿ ಮೂಕರಾದರು. ಪುಣ್ಯತಿಥಿಗೆ ಇನ್ನು ಹನ್ನೆರಡು ದಿನಗಳಿದ್ದವು. ಆ ಹನ್ನೆರಡು ದಿನ ನಾನು ಗೀರುಗಳ ಚರಿತ್ರೆಯನ್ನು ಓದಿದೆನು, ಗೀರುಗಳನ್ನು ಉಜ್ಜಿದೆನು. ಆಗ ಕಂಡುಕೊಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇಂತಹ ತಟ್ಟೆಗಳು ನಿಮ್ಮ ಮನೆಗಳಲ್ಲಿಯೂ ಇದ್ದಾವು. ಮದುವೆಯದು, ಮುಂಜಿಯದು, ಗತಿಸಿದ ಹಿರಿಯರದು.

ಕನ್ನಡ ಮೇಷ್ಟರಿಗೆ ಇದರ ಉಸಾಬರಿ ಏಕೆಂದು ಕೇಳಬಹುದು. ಗೀರು ನಮ್ಮ ಕಸುಬಿಗೆ ಹೊರಗಿನದಲ್ಲ. ನಮ್ಮ ಪ್ರಾಚೀನ ಗ್ರಂಥಗಳೆಲ್ಲ ಗೀರುಗಳೇ. ಓಲೆಗರಿಯ ಮೇಲೆ ಕಂಠದ ಮೊನೆಯಿಂದ ಗೀರಿ, ಆ ಗೀರಿನೊಳಗೆ ಕಾಡಿಗೆಯನ್ನು ತುಂಬಿ ಒರೆಸಿದರೆ ಅಕ್ಷರ ಮೂಡುತ್ತದೆ. ಬೇಕಾದ ಗೀರು ಅಕ್ಷರ, ಬೇಡದ ಗೀರು ಗಾಯ. ಎರಡನ್ನೂ ಹೊತ್ತು ಬಂದ ಗರಿಯಿಂದ ಮೂಲವನ್ನು ಬಿಡಿಸುವುದೇ ಗ್ರಂಥಸಂಪಾದನೆ. ಧ್ವನಿಮುದ್ರಣದ ಚರಿತ್ರೆಯೂ ಗೀರಿನಿಂದಲೇ ಆರಂಭವಾಗುತ್ತದೆ.

1877ರಲ್ಲಿ ಅಮೆರಿಕದ ಎಡಿಸನ್ನನು ಒಂದು ಉರುಳೆಗೆ ತವರದ ಹಾಳೆಯನ್ನು ಸುತ್ತಿ, ತನ್ನ ಮಾತಿನ ಕಂಪನವನ್ನು ಸೂಜಿಯಿಂದ ಅದರಲ್ಲಿ ಕೊರೆದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಜರ್ಮನಿಯ ಹ್ಯಾನೋವರ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಎಮಿಲ್ ಬರ್ಲಿನರನು ಉರುಳೆಯ ಬದಲು ಚಪ್ಪಟೆಯಾದ ತಟ್ಟೆಯನ್ನು ಯೋಜಿಸಿದನು. ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತುವುದು ಇದರಿಂದ ಸಾಧ್ಯವಾಯಿತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡನು. ಆ ತಟ್ಟೆಗಳನ್ನು ಒತ್ತಿದುದು ಹ್ಯಾನೋವರಿನಲ್ಲಿಯೇ. ಅವನ್ನು ಮಾಡುತ್ತಿದ್ದ ಅರಗು ಮಾತ್ರ ನಮ್ಮ ದೇಶದ್ದು, ಮುತ್ತುಗದಂತಹ ಮರಗಳ ಮೇಲೆ ಅರಗಿನ ಹುಳು ಕಟ್ಟುವ ಅಂಟು. ನಮ್ಮ ಅರಗು ಕಡಲು ದಾಟಿ ಹೋಗಿ ನಮ್ಮ ಹಾಡನ್ನು ಹೊತ್ತು ಮರಳುತ್ತಿತ್ತು.

ಆ ಕಾಲದ ತಟ್ಟೆಗೆ ಗೀರು ಬಿದ್ದರೆ ಮದ್ದಿರಲಿಲ್ಲ. ಉಕ್ಕಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಓದಬೇಕಾದುದರಿಂದ ಕೇಳಿದಷ್ಟೂ ಹಾಡು ಸವೆಯುತ್ತಿತ್ತು. ಗೀರು ಆಳವಾದರೆ ಮುಳ್ಳು ಹಳೆಯ ಸುತ್ತಿಗೇ ಜಾರಿ ಗಾಯಕನು ಒಂದೇ ಮಾತನ್ನು ಹೇಳಿದ್ದೇ ಹೇಳುತ್ತಿದ್ದನು. ಮುಂದೆ 1963ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಹೊರತಂದಿತು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿ ನಮ್ಮ ಭಾಗದ ಹಾಡುಗಾರರ ದನಿ ಗಾಳಿಗೇರಿತು. 1980ರ ದಶಕದ ಹೊತ್ತಿಗೆ ಕ್ಯಾಸೆಟ್ಟು ಹಳ್ಳಿಹಳ್ಳಿಯನ್ನು ಹೊಕ್ಕಿತು. ಟೇಪು ಸಿಕ್ಕಿಬಿದ್ದರೆ ಪೆನ್ಸಿಲನ್ನು ಗಾಲಿಯಲ್ಲಿ ತೂರಿಸಿ ಸುತ್ತುವುದು, ಹರಿದರೆ ಅಂಟುಪಟ್ಟಿ ಹಚ್ಚುವುದು, ಈ ವೈದ್ಯವನ್ನು ನಮ್ಮ ತಲೆಮಾರಿನವರೆಲ್ಲ ಬಲ್ಲರು.

ಮುಟ್ಟದೆ ಓದುವ ತಟ್ಟೆಯನ್ನು ಮಾಡಬೇಕೆಂಬ ಹಂಬಲದಿಂದ ಹುಟ್ಟಿದುದು ಸಿ.ಡಿ. ಫಿಲಿಪ್ಸ್ ಸಂಸ್ಥೆ 1979ರ ಮಾರ್ಚಿಯಲ್ಲಿ ಅದರ ಮಾದರಿಯನ್ನು ಲೋಕಕ್ಕೆ ತೋರಿಸಿತು. ಬಳಿಕ ಜಪಾನಿನ ಸೋನಿ ಸಂಸ್ಥೆಯೊಡನೆ ಕೂಡಿ ಅಳತೆಗಳನ್ನೆಲ್ಲ ಗೊತ್ತುಮಾಡಿತು. 1982ರ ಆಗಸ್ಟ್ 17ರಂದು ಮಾರಾಟದ ಮೊದಲ ತಟ್ಟೆಗಳು ಅಚ್ಚಾದುವು. ಎಲ್ಲಿ ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ: ಹ್ಯಾನೋವರಿನ ಪಕ್ಕದ ಲಾಂಗನ್‌ಹಾಗನ್ ಎಂಬಲ್ಲಿ. ಗೌಹರ್ ಜಾನಳ ಹಾಡನ್ನು ಅರಗಿನಲ್ಲಿ ಒತ್ತಿದ ಊರೇ ಎಂಬತ್ತು ವರ್ಷಗಳ ಮೇಲೆ ಈ ಹೊಸ ತಟ್ಟೆಗೂ ತವರಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಜಪಾನಿನಲ್ಲಿ ಅದನ್ನು ನುಡಿಸುವ ಯಂತ್ರ ಮಾರಾಟಕ್ಕೆ ಬಂದಿತು.

ಇದರ ರಚನೆಯನ್ನು ಸ್ವಲ್ಪ ವಿವರಿಸದೆ ಗೀರಿನ ಮರ್ಮ ತಿಳಿಯದು. ತಟ್ಟೆಯ ಅಡ್ಡಳತೆ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು. ಈ ದಪ್ಪವೆಲ್ಲ ಬಹುಮಟ್ಟಿಗೆ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕೇ. ಹಾಡು ಇರುವುದು ಪ್ಲಾಸ್ಟಿಕ್ಕಿನ ಮೇಲ್ಗಡೆ, ಹೆಸರು ಅಚ್ಚು ಹಾಕುವ ಬದಿಗೆ ಅಂಟಿಕೊಂಡು. ಅಲ್ಲಿ ಸೂಕ್ಷ್ಮವಾದ ಕುಳಿಗಳ ಸಾಲು ನಡುವಿನಿಂದ ಅಂಚಿನವರೆಗೆ ಜಿಲೇಬಿಯಂತೆ ಸುತ್ತಿಕೊಂಡು ಹೋಗುತ್ತದೆ. ಒಂದು ಮಿಲಿಮೀಟರಿನ ಅಗಲದಲ್ಲಿ 625 ಸುತ್ತುಗಳು. ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇದರ ಮೇಲೆ ಕನ್ನಡಿಯಂತಹ ಲೋಹದ ಲೇಪ, ಅದರ ಮೇಲೆ ಅರಗಿನಂತಹ ತೆಳುವಾದ ರಕ್ಷಾಲೇಪ. ಅಂಗಡಿಯಲ್ಲಿ ಬರೆಯಿಸುವ ತಟ್ಟೆಯಲ್ಲಿ ಕುಳಿಗಳಿಗೆ ಬದಲಾಗಿ ಒಂದು ಬಣ್ಣದ ಪದರವಿದ್ದು, ಲೇಸರ್ ಬೆಳಕು ಅದರಲ್ಲಿ ಸುಟ್ಟ ಗುರುತುಗಳನ್ನು ಮೂಡಿಸುತ್ತದೆ. ಆ ಬಣ್ಣಕ್ಕೆ ಬಿಸಿಲೂ ಸೆಕೆಯೂ ಶತ್ರುಗಳು. ನಮ್ಮ ಕಲಬುರಗಿಯ ಬೇಸಿಗೆಯ ಸಂಗತಿಯನ್ನು ಬೇರೆ ಹೇಳಬೇಕಾಗಿಲ್ಲ.

ಓದುವ ಲೇಸರ್ ಕಿರಣ ಕೆಳಗಿನಿಂದ ಪ್ಲಾಸ್ಟಿಕ್ಕನ್ನು ಹಾಯ್ದು ಮೇಲಿನ ಕುಳಿಗಳನ್ನು ಮುಟ್ಟಿ, ಕನ್ನಡಿಯಲ್ಲಿ ಪ್ರತಿಫಲಿಸಿ ಮರಳುತ್ತದೆ. ಪ್ಲಾಸ್ಟಿಕ್ಕನ್ನು ಹೊಗುವಾಗ ಕಿರಣದ ಅಗಲ ಮುಕ್ಕಾಲು ಮಿಲಿಮೀಟರಿನಷ್ಟು. ಕುಳಿಯನ್ನು ಮುಟ್ಟುವ ಹೊತ್ತಿಗೆ ಅದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದಾಗಿ ಕೂಡುತ್ತದೆ. ಇದರ ಫಲವೇನೆಂದರೆ, ಕೆಳಮೈಯ ಸಣ್ಣ ಗೀರು ಕಿರಣಕ್ಕೆ ಕಾಣಿಸುವುದೇ ಇಲ್ಲ. ಕನ್ನಡಕದ ಗಾಜಿನ ಮೇಲೆ ಧೂಳಿನ ಕಣವಿದ್ದರೂ ನಾವು ಪತ್ರಿಕೆಯನ್ನು ಓದುವುದಿಲ್ಲವೆ? ಹಾಗೆ. ಗೀರು ಅಗಲವಾದಾಗ ಮಾತ್ರ ಅದರ ಅಂಚುಗಳು ಬೆಳಕನ್ನು ಅತ್ತಿತ್ತ ಚೆಲ್ಲಿ ಓದು ತಪ್ಪುತ್ತದೆ.

ಓದು ತಪ್ಪಿದರೂ ಹಾಡು ತಪ್ಪಬೇಕಾಗಿಲ್ಲ. 1960ರಲ್ಲಿ ಅಮೆರಿಕದ ಇರ್ವಿಂಗ್ ರೀಡ್, ಗುಸ್ಟಾವ್ ಸಾಲಮನ್ ಎಂಬಿಬ್ಬರು ಗಣಿತಜ್ಞರು ಕಳೆದುಹೋದ ಅಂಕೆಗಳನ್ನು ಉಳಿದ ಅಂಕೆಗಳಿಂದ ಮರಳಿ ಪಡೆಯುವ ಒಂದು ವಿಧಾನವನ್ನು ಪ್ರಕಟಿಸಿದರು. ಸಿ.ಡಿ.ಯಲ್ಲಿ ಹಾಡಿನ ಪ್ರತಿ 24 ತುಣುಕುಗಳಿಗೆ ಈ ಲೆಕ್ಕದ 8 ತುಣುಕುಗಳನ್ನು ಕೂಡಿಸಿ 32 ಮಾಡಿ ಬರೆಯುತ್ತಾರೆ. ಅಷ್ಟೇ ಅಲ್ಲ, ಅಕ್ಕಪಕ್ಕದ ತುಣುಕುಗಳನ್ನು ಒಂದೆಡೆ ಇಡದೆ ದೂರದೂರಕ್ಕೆ ಹರಡುತ್ತಾರೆ. ನಮ್ಮ ಹಿರಿಯರು ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬದೆ ನಾಲ್ಕು ಹಗೇವುಗಳಲ್ಲಿ ಇಡುತ್ತಿದ್ದಂತೆ. ಒಂದಕ್ಕೆ ನೀರು ಹೊಕ್ಕರೆ ಮೂರು ಉಳಿಯುತ್ತವೆ. ಹೀಗಾಗಿ ದಾರಿಯ ಉದ್ದಕ್ಕೂ ಎರಡೂವರೆ ಮಿಲಿಮೀಟರಿನಷ್ಟು ಪೂರ್ತಿ ಅಳಿಸಿಹೋದರೂ ಯಂತ್ರವು ಮೂಲವನ್ನು ಯಥಾವತ್ತಾಗಿ ಕಟ್ಟಿಕೊಳ್ಳಬಲ್ಲದು.

ಇದನ್ನು ಓದುವಾಗ ನನಗೆ ಮಳಖೇಡದ ನೆನಪಾಯಿತು. ನಮ್ಮ ಜಿಲ್ಲೆಯದೇ ಆದ ಆ ಊರು, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಅದು ಮೊದಲ ಬಾರಿಗೆ ಅಚ್ಚಿನ ಮುಖವನ್ನು ಕಂಡುದು ಕೆ. ಬಿ. ಪಾಠಕರ ಸಂಪಾದನೆಯಲ್ಲಿ, 1898ರಲ್ಲಿ. ನಡುವಣ ಸಾವಿರ ವರ್ಷಗಳಲ್ಲಿ ಮೂಲ ಓಲೆ ಮಣ್ಣಾಯಿತು. ಉಳಿದುದು ಪ್ರತಿಯ ಪ್ರತಿ, ಅದರ ಪ್ರತಿ. ಹುಳು ತಿಂದ ಗರಿ, ನಿದ್ದೆಗಣ್ಣಿನ ಲಿಪಿಕಾರ, ಇವರೆಲ್ಲರ ಕೈದಾಟಿಯೂ ಗ್ರಂಥ ನಮಗೆ ದೊರೆತುದು ಹೇಗೆ? ಪ್ರತಿಗಳು ಹಲವಿದ್ದವು ಎಂಬುದು ಒಂದು ಕಾರಣ. ಪದ್ಯದೊಳಗೇ ಒಂದು ಲೆಕ್ಕ ಅಡಗಿತ್ತು ಎಂಬುದು ಇನ್ನೊಂದು.

ಕಂದಪದ್ಯವನ್ನು ತೆಗೆದುಕೊಳ್ಳಿರಿ. ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20, ಒಟ್ಟು 64. ನಾಲ್ಕು ಸಾಲುಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು ಪ್ರಾಸದ ಕಟ್ಟಳೆ. ಲಿಪಿಕಾರನು ಒಂದಕ್ಷರವನ್ನು ಬಿಟ್ಟರೆ ಮಾತ್ರೆ ಕಡಿಮೆಯಾಗಿ ದೂರು ಹೇಳುತ್ತದೆ. ಸಾಲಿನ ಮೊದಲು ಹುಳು ತಿಂದು ಹೋಗಿದ್ದರೆ ಉಳಿದ ಮೂರು ಸಾಲುಗಳು ಆ ಅಕ್ಷರದ ಸುಳಿವನ್ನು ಕೊಡುತ್ತವೆ. ಪ್ರಾಸವನ್ನು ಅಲಂಕಾರವೆಂದೂ, ಕೆಲವೊಮ್ಮೆ ತ್ರಾಸವೆಂದೂ ನಾನು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ಅದು ಗೀರು ಬಿದ್ದಾಗ ಒದಗುವ ಆಪದ್ಧನವೆಂದು ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ಈಗ ಹೊಳೆಯಿತು. ಲೆಕ್ಕದ ಕಟ್ಟಿಲ್ಲದ ವಚನಗಳ ಪಾಡು ಇನ್ನೂ ಕಠಿಣ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗಳನ್ನು ಕೂಡಿಹಾಕಲು ಪಟ್ಟ ಶ್ರಮದ ಬೆಲೆ ಇಲ್ಲಿ ತಿಳಿಯುತ್ತದೆ. ಒಂದು ಪ್ರತಿಯ ಗಾಯವನ್ನು ಇನ್ನೊಂದು ಪ್ರತಿಯೇ ಮಾಯಿಸಬೇಕು.

ಅದಂತಿರಲಿ. ಪ್ರಸ್ತುತ ನನ್ನ ತಟ್ಟೆಗೆ ಇನ್ನೊಂದು ಪ್ರತಿ ಇರಲಿಲ್ಲ. ಆದುದರಿಂದ ಮನೆಮದ್ದಿಗೆ ತೊಡಗಿದೆನು.

ಇಪ್ಪತ್ತು ವರ್ಷಗಳ ಹಿಂದೆ, ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ಹಾಡಿನ, ಸಿನಿಮಾದ ತಟ್ಟೆಗಳು ರಾಶಿ ಬಿದ್ದಿದ್ದ ಕಾಲದಲ್ಲಿ, ಈ ವೈದ್ಯ ಎಲ್ಲರ ಬಾಯಲ್ಲಿಯೂ ಇತ್ತು. ಹಲ್ಲಿನ ಪೇಸ್ಟು ಹಚ್ಚಿರಿ ಎನ್ನುವವರು ಕೆಲವರು, ವ್ಯಾಸಲೀನ್ ಎನ್ನುವವರು ಕೆಲವರು, ಬಾಳೆಹಣ್ಣು ಎನ್ನುವವರು ಇನ್ನು ಕೆಲವರು. ಇವೆಲ್ಲ ಬರಿಯ ಅಜ್ಜಿಕತೆಗಳಲ್ಲ. ಗೀರನ್ನು ವಾಸಿಮಾಡಲು ದಾರಿಗಳು ಎರಡೇ: ಗೀರಿನ ಸುತ್ತಲಿನ ಪ್ಲಾಸ್ಟಿಕ್ಕನ್ನು ಸವೆಸಿ ಅಂಚುಗಳನ್ನು ನುಣುಪು ಮಾಡುವುದು ಒಂದು, ಗೀರಿನೊಳಗೆ ಮೇಣದಂತಹ ವಸ್ತುವನ್ನು ತುಂಬಿ ಬೆಳಕಿನ ದಾರಿಯನ್ನು ಸಮ ಮಾಡುವುದು ಇನ್ನೊಂದು. ಪೇಸ್ಟು ಮೊದಲನೆಯ ಪಂಗಡಕ್ಕೆ ಸೇರಿದುದು. ಹಲ್ಲನ್ನು ಬೆಳಗಿಸುವ ಸುಣ್ಣದಂತಹ ನುಣ್ಣನೆಯ ಪುಡಿ ಅದರಲ್ಲಿ ಇರುತ್ತದೆ. ವ್ಯಾಸಲೀನು ಎರಡನೆಯ ಪಂಗಡದ್ದು.

ಕ್ರಮ ಹೀಗೆ. ಮೊದಲು ತಟ್ಟೆಯನ್ನು ತಣ್ಣೀರಿನಲ್ಲಿ ಒಂದು ಹನಿ ಸಾಬೂನು ಸೇರಿಸಿ ತೊಳೆಯಬೇಕು. ಮರಳಿನ ಕಣ ಉಳಿದಿದ್ದರೆ ಮದ್ದೇ ಗಾಯವಾದೀತು. ಹೆಸರಿನ ಬದಿ ಕೆಳಗಾಗುವಂತೆ ಮೆತ್ತನೆಯ ಬಟ್ಟೆಯ ಮೇಲೆ ಇಡಬೇಕು. ಬಿಳಿಯ ಸಾದಾ ಪೇಸ್ಟನ್ನು, ಪಾರದರ್ಶಕವಾದ ಜೆಲ್ಲನ್ನಲ್ಲ, ಕಡಲೆಕಾಳಿನಷ್ಟು ಹಚ್ಚಿ, ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರದ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಉಜ್ಜಬೇಕು. ಪಾತ್ರೆ ಬೆಳಗುವಂತೆ ಗುಂಡಗೆ ತಿಕ್ಕಬಾರದು. ಕಾರಣ ಸ್ಪಷ್ಟವಾಗಿದೆ. ಹಾಡಿನ ದಾರಿ ಗುಂಡಗಿದೆ. ಅದನ್ನು ಅಡ್ಡ ದಾಟುವ ಗೀರು ರಸ್ತೆಗೆ ಅಡ್ಡಲಾದ ಸಣ್ಣ ಕಾಲುವೆಯಿದ್ದಂತೆ, ಬಂಡಿ ಹಾರಿಸಿಕೊಂಡು ಹೋಗುತ್ತದೆ. ದಾರಿಯ ಜೊತೆಜೊತೆಗೇ ಸಾಗುವ ಗೀರು ರಸ್ತೆಯನ್ನೇ ನುಂಗಿದ ಹೊಂಡ. ಉಜ್ಜಿದ ಮೇಲೆ ತೊಳೆದು ನೆರಳಿನಲ್ಲಿ ಆರಿಸಬೇಕು. ಪೆಟ್ರೋಲು, ಉಗುರಿನ ಬಣ್ಣ ತೆಗೆಯುವ ದ್ರಾವಣ ಇವುಗಳನ್ನು ತಪ್ಪಿಯೂ ಮುಟ್ಟಿಸಬಾರದು. ಪ್ಲಾಸ್ಟಿಕ್ಕು ಮಬ್ಬಾಗಿ ಬಿರಿಯುತ್ತದೆ.

ಮೂರು ರಾತ್ರಿ ಉಜ್ಜಿದೆನು. ಆಳವಾದ ಗೀರುಗಳು ಕಣ್ಣಿಗೆ ಹಾಗೆಯೇ ಕಂಡರೂ ಅವುಗಳ ಅಂಚು ಮಾಸಿತ್ತು. ನಾಲ್ಕನೆಯ ದಿನ ಮಾವ ಐದನೆಯ ಪದವನ್ನು ಹಾಡಿದರು, ಆರನೆಯದನ್ನು ಹಾಡಿದರು, ಎಂಟರವರೆಗೆ ಒಂದೇ ಉಸಿರಿನಲ್ಲಿ ಹಾಡಿಕೊಂಡು ಬಂದರು. ಬಂದುದನ್ನು ಬಂದ ಹಾಗೆಯೇ ಗಣಕಯಂತ್ರದಲ್ಲಿಯೂ, ಮಗಳ ಮೊಬೈಲಿನಲ್ಲಿಯೂ ನಕಲು ಮಾಡಿಟ್ಟೆನು. ಒಂಬತ್ತನೆಯದು, ಕಡಕೋಳದ ಮಡಿವಾಳಪ್ಪನವರ ಪರಂಪರೆಯ ಒಂದು ದೀರ್ಘ ಪದ, ಮಾವನಿಗೆ ಎಲ್ಲಕ್ಕಿಂತ ಪ್ರಿಯವಾದುದು, ಎರಡು ನುಡಿ ದಾಟಿ ಮೂರನೆಯ ನುಡಿಗೆ ಬಂದು ನಿಂತಿತು. ಎಷ್ಟು ಉಜ್ಜಿದರೂ ಅಲ್ಲಿಯೇ ನಿಂತಿತು.

ಪುಣ್ಯತಿಥಿಯ ಹಿಂದಿನ ದಿನ ತಟ್ಟೆಯನ್ನು ಅರಿವೆಯಲ್ಲಿ ಸುತ್ತಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆನು. ಕಮಲಾಪುರ ಈಗ ತಾಲೂಕಿನ ಕೇಂದ್ರ. ದಾರಿಯಲ್ಲಿ ಬಿಳಿಜೋಳ ತೆನೆಗೆ ಬಂದಿತ್ತು. ಒಂದು ಹೊಲದಲ್ಲಿ ಹಕ್ಕಿ ಓಡಿಸಲೆಂದು ದಾರ ಕಟ್ಟಿ ಹತ್ತಿಪ್ಪತ್ತು ಸಿ.ಡಿ.ಗಳನ್ನು ತೂಗುಬಿಟ್ಟಿದ್ದರು. ಗಾಳಿಗೆ ತಿರುಗಿ ತಿರುಗಿ ಅವು ಬಿಸಿಲನ್ನು ಚೆಲ್ಲುತ್ತಿದ್ದವು. ಯಾರ ಮದುವೆಯೋ, ಯಾರ ಹಾಡೋ ಎಂದುಕೊಂಡೆನು. ಹೊಸ ಗಣಕಯಂತ್ರಗಳಲ್ಲಿ ಈಗ ತಟ್ಟೆ ಇಡುವ ಜಾಗವೇ ಇರುವುದಿಲ್ಲ. ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ ಸಂಸ್ಥೆಯೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಗೀರು ಬೀಳುವ ಮೊದಲೇ ಓದುವ ಯಂತ್ರ ಮರೆಯಾಗುವುದು ಈ ತಟ್ಟೆಗಳ ಹಣೆಬರಹದಲ್ಲಿ ಇದ್ದಂತೆ ತೋರುತ್ತದೆ.

ಕಮಲಾಪುರವೆಂದರೆ ಕೆಂಪು ಬಾಳೆ. ಕಂದುಗೆಂಪು ಸಿಪ್ಪೆಯ, ಒಂದು ತಿಂದರೆ ಹೊಟ್ಟೆ ತುಂಬುವ ಆ ಹಣ್ಣು ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದಿದೆ. ಗಿಡ ಗೊನೆ ಬಿಟ್ಟು ಬಲಿಯಲು ಒಂದೂವರೆ ವರ್ಷದಷ್ಟು ಕಾಯಬೇಕಾದುದರಿಂದ ಬೆಲೆಯೂ ಹೆಚ್ಚು. ಬಾಳೆಹಣ್ಣಿನ ವೈದ್ಯವನ್ನು ಮಾಡುವುದಾದರೆ ಇದಕ್ಕಿಂತ ಉತ್ತಮವಾದ ಹಣ್ಣೂ ಸ್ಥಳವೂ ಎಲ್ಲಿ ದೊರೆತೀತು? ಹಣ್ಣಿನ ತಿರುಳನ್ನು ತಟ್ಟೆಗೆ ತಿಕ್ಕಿ, ಬಳಿಕ ಸಿಪ್ಪೆಯ ಒಳಮೈಯಿಂದ ಉಜ್ಜಬೇಕೆಂಬುದು ಆ ವೈದ್ಯದ ವಿಧಿ. ನಾನು ಅಡಿಗೆಮನೆಯಲ್ಲಿ ಒಂದು ಹಣ್ಣನ್ನು ಕೈಗೆತ್ತಿಕೊಂಡು ಕಾರಣವನ್ನು ಹೇಳಿದಾಗ ಅತ್ತೆ ದಿಟ್ಟಿಸಿ ನೋಡಿದರು. “ಒಂದು ಹಣ್ಣಿಂದು ರೇಟು ಎಷ್ಟದ ಗೊತ್ತದೇನಪಾ ನಿನಗ? ಹಣ್ಣು ತಿನ್ನು. ಸಿಪ್ಪಿ ಬೇಕಾದ್ರ ತಿಕ್ಕು” ಎಂದರು. ಹಾಗೆಯೇ ಮಾಡಿದೆನು. ಸಿಪ್ಪೆಯ ಮೇಣದಂಶ ಸಣ್ಣ ಗೀರುಗಳಲ್ಲಿ ತುಂಬಿ ತಟ್ಟೆಗೆ ಒಂದು ಹೊಳಪು ಬಂದಿತು. ಅತ್ತೆಯ ಮನೆಯ ಹಳೆಯ ಡಿ.ವಿ.ಡಿ. ಯಂತ್ರದಲ್ಲಿಟ್ಟೆನು. ಎಂಟು ಪದಗಳು ಬಂದವು. ಒಂಬತ್ತನೆಯದು ಮೂರನೆಯ ನುಡಿಗೆ ನಿಂತಿತು.

ಆಗ ತಟ್ಟೆಯನ್ನು ತೆಗೆದು, ಏನೋ ತೋಚಿ, ಪಡಸಾಲೆಯ ದೀಪಕ್ಕೆ ಅಡ್ಡ ಹಿಡಿದೆನು. ಅಂಚಿನ ಬಳಿ ಬೆಳಕು ಸೂಜಿಮೊನೆಯಷ್ಟು ಸೂಜಿಮೊನೆಯಷ್ಟು ತೂರಿ ಬರುತ್ತಿತ್ತು. ಲೋಹದ ಲೇಪ ಅಲ್ಲಿ ಎದ್ದುಹೋಗಿತ್ತು. ಬೆಳಕಿನ ಆ ಚುಕ್ಕೆಗಳು ಅಡ್ಡಾದಿಡ್ಡಿಯಾಗಿರಲಿಲ್ಲ. ಕಮಾನಿನಂತೆ ಬಾಗಿದ ಒಂದು ಸಾಲಿನಲ್ಲಿದ್ದವು. ಹಿಂದುಮುಂದಾಗಿ ಕಂಡರೂ ಅವು ಅಕ್ಷರಗಳು, ನನ್ನವೇ ಅಕ್ಷರಗಳು. 2006ರಲ್ಲಿ ಅಂಗಡಿಯಿಂದ ತಂದ ದಿನ, ಕೈಬರಹ ಚೆನ್ನಾಗಿದೆಯೆಂಬ ಹೆಮ್ಮೆಯಿಂದ, ತಟ್ಟೆಯ ನೆತ್ತಿಯ ಬದಿಗೆ ಅಂಚನ್ನು ಅನುಸರಿಸಿ ಗುಂಡಗೆ, ಬಾಲ್ ಪೆನ್ನನ್ನು ಒತ್ತಿ ಒತ್ತಿ ಮಾವನ ಹೆಸರನ್ನು ಬರೆದವನು ನಾನು. ಪೆನ್ನಿನ ಮೊನೆ ಆ ತೆಳುವಾದ ರಕ್ಷಾಲೇಪವನ್ನು ನಲುಗಿಸಿತ್ತು. ವರ್ಷವರ್ಷದ ಸೆಕೆ ಅದನ್ನು ಎಬ್ಬಿಸಿತ್ತು. ಮಾವನ ಹೆಸರು ಇದ್ದ ಕಡೆಯಲ್ಲಿಯೇ ಮಾವನ ದನಿ ಹೋಗಿತ್ತು.

ವಾಚಕರು ದಯವಿಟ್ಟು ಇದೊಂದನ್ನು ನೆನಪಿಡಬೇಕು. ಹೊಳೆಯುವ ಬದಿಯೇ ಸೂಕ್ಷ್ಮವೆಂದು ನಾವು ಅದನ್ನು ಜೋಪಾನ ಮಾಡುತ್ತೇವೆ, ಹೆಸರಿನ ಬದಿಯನ್ನು ಅಲಕ್ಷಿಸುತ್ತೇವೆ. ಸಿ.ಡಿ.ಯ ಸಂಗತಿ ತಿರುಗುಮುರುಗು. ಹೊಳೆಯುವ ಬದಿಗೆ ಒಂದು ಮಿಲಿಮೀಟರಿಗೂ ಮಿಕ್ಕಿದ ಪ್ಲಾಸ್ಟಿಕ್ಕಿನ ಕಾವಲಿದೆ, ಅಲ್ಲಿಯ ಗೀರಿಗೆ ಪೇಸ್ಟಾದರೂ ಉಂಟು. ಹೆಸರಿನ ಬದಿಗೆ ಕೂದಲೆಳೆಗಿಂತ ತೆಳುವಾದ ಲೇಪವಷ್ಟೆ. ಅಲ್ಲಿಯ ಗೀರು ಹಾಡಿಗೇ ಬಿದ್ದ ಗೀರು, ಅದಕ್ಕೆ ಮದ್ದಿಲ್ಲ. ಬರೆಯಬೇಕಾದರೆ ನಡುವಿನ ತೂತಿನ ಸುತ್ತಲಿನ ಪಾರದರ್ಶಕವಾದ ಬಳೆಯ ಮೇಲೆ ಮೆತ್ತನೆಯ ತುದಿಯ ಪೆನ್ನಿನಿಂದ ಬರೆಯಬೇಕು. 1996ರಲ್ಲಿ ಬಂದ ಡಿ.ವಿ.ಡಿ.ಯಲ್ಲಿ ಎರಡು ತೆಳು ತಟ್ಟೆಗಳನ್ನು ಬೆಸೆದು ಬರಹವನ್ನು ನಡುವೆ ಅಡಗಿಸಿದರು, ಆದುದರಿಂದ ಈ ಭಯ ಅದರಲ್ಲಿ ಕಡಿಮೆ. 2006ರ ಬ್ಲೂ-ರೇ ತಟ್ಟೆಯಲ್ಲಿ ಬರಹವು ಹೊಳೆಯುವ ಮೈಯಿಂದ ಕೇವಲ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಒಳಗಿದ್ದು, ಮೇಲೆ ಗಟ್ಟಿಯಾದ ಲೇಪವಿದೆ. ಅದಕ್ಕೆ ಪೇಸ್ಟು ಉಜ್ಜಿದರೆ ಕೆಡುಕೇ ಹೆಚ್ಚು.

ಮಾರನೆಯ ರಾತ್ರಿ ಮೇಳದವರು ಬಂದರು. ಪಡಸಾಲೆ ತುಂಬಿತು. ಮಾವನ ದನಿ ಯಂತ್ರದಿಂದ ಏಳುತ್ತಲೇ ಹುಡುಗರು ಪಿಸುಮಾತನ್ನು ನಿಲ್ಲಿಸಿದರು. ಅತ್ತೆ ಕಂಬಕ್ಕೆ ಒರಗಿ ಕುಳಿತಿದ್ದರು. ಎಂಟು ಪದಗಳು ಮುಗಿದವು. ಒಂಬತ್ತನೆಯದು ಆರಂಭವಾದಾಗ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮೂರನೆಯ ನುಡಿಯಲ್ಲಿ ಯಂತ್ರ ನಿಂತಿತು. ನಾನು ಎದ್ದು, ತಪ್ಪು ನನ್ನದೆಂದು ಹೇಳಿ, ಪೆನ್ನಿನ ಕತೆಯನ್ನೆಲ್ಲ ಒಪ್ಪಿಸಿದೆನು.

“ಹೋಗಿದ್ದೆಷ್ಟು? ಕಡಿ ಎರಡು ನುಡಿ ಅಲ್ಲೇನು?” ಎಂದರು ಅತ್ತೆ. “ಅದು ನಮಗ ಬರ್ತದ.”

ಮಾವನ ಜೊತೆಯಲ್ಲಿ ದಮ್ಮಡಿ ಬಾರಿಸುತ್ತಿದ್ದ ಮುದುಕರೊಬ್ಬರು ನಿಂತ ಕಡೆಯಿಂದಲೇ ಎತ್ತಿಕೊಂಡರು. ಅತ್ತೆ ದನಿಗೂಡಿಸಿದರು. ಐವತ್ತು ವರ್ಷ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಕೇಳಿದವರು ಅವರು. ಹಾಡಿದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾಲ್ಕನೆಯ ನುಡಿಯ ಒಂದು ಮಾತಿನಲ್ಲಿ ಇಬ್ಬರಿಗೂ ಭೇದ ಬಂದಿತು. ಮುದುಕರು ಒಂದು ರೀತಿ ಹಾಡಿದರೆ 'ಅವರು ಹಂಗ ಅಂತಿದ್ದಿಲ್ಲ' ಎಂದು ಅತ್ತೆ ಇನ್ನೊಂದು ರೀತಿ ಹಾಡಿದರು. ಮೇಳ ಎರಡನ್ನೂ ಹಾಡಿತು. ಅಭ್ಯಾಸಬಲದಿಂದ ನನ್ನ ಕೈ ಜೇಬಿನಲ್ಲಿದ್ದ ಕಾಗದಕ್ಕೆ ಹೋಗಿ, ಎರಡು ಪಾಠಗಳನ್ನೂ ಒಂದರ ಕೆಳಗೊಂದು ಬರೆದುಕೊಂಡೆನು. ಪಕ್ಕದಲ್ಲಿ ಕುಳಿತಿದ್ದ ಹುಡುಗನು ತನ್ನ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಂಡಿದ್ದನು. ಅದರ ಪ್ರತಿಯನ್ನು ಮೇಳದ ಎಲ್ಲರಿಗೂ ಆ ರಾತ್ರಿಯೇ ಕಳುಹಿಸುವಂತೆ ಹೇಳಿದೆನು.

ತಟ್ಟೆಯನ್ನು ಏನು ಮಾಡಬೇಕೆಂದು ಅತ್ತೆಯನ್ನು ಕೇಳಿದೆನು. ಹೊಲದಲ್ಲಿ ತೂಗುಬಿಟ್ಟವುಗಳ ನೆನಪು ನನ್ನ ಮನಸ್ಸಿನಲ್ಲಿತ್ತು. ಅವರು ಅದನ್ನು ಸೆರಗಿನಿಂದ ಒರೆಸಿದರು, ನಡುವಿನಿಂದ ಅಂಚಿಗೆ, ನಾನು ಹೇಳಿಕೊಟ್ಟ ಹಾಗೆ. ಒರೆಸಿ, ದೇವರ ಕೋಣೆಯಲ್ಲಿ ಮಾವನ ಭಾವಚಿತ್ರದ ಹಿಂದೆ ಇಟ್ಟರು.